ಅತ್ತೆಯವರ ವಿಭೂತಿ, ನನ್ನ ಥಂಡಾ ಪ್ಲಗ್ಗು

ಮಕ್ಕಳೇ, ಮಾತು ಬಾರದವರ ಕಷ್ಟ ಮಾತುಗಾರರಿಗೆ ತಿಳಿಯುವುದಿಲ್ಲ. ಮಾತುಗಾರರು ಒಂದು ತಪ್ಪು ಆಡಿದರೆ ಮುಂದೆ ನಾಲ್ಕು ಮಾತಾಡಿ ಅದನ್ನು ಮುಚ್ಚಿಹಾಕುತ್ತಾರೆ. ನಮ್ಮಂಥವರು ಆಡಲೇಬೇಕಾದ ಒಂದು ಮಾತನ್ನೂ ಆಡಲಾರದೆ ಬೆವರುತ್ತ ನಿಲ್ಲುತ್ತೇವೆ. ಪಾರಿಶ್ವಾಡದ ಸಾಲೆಯಲ್ಲಿ ಮಾಸ್ತರರು ಹಾಜರಿ ಕರೆಯುವಾಗ ನಾನು ನಾಚಿ ಬರೀ ಕೈ ಎತ್ತುತ್ತಿದ್ದೆ. ಅವರು ತಲೆ ಎತ್ತದೆ ಗೈರುಹಾಜರಿ ಹಾಕುತ್ತಿದ್ದರು. ವರ್ಷದ ಕೊನೆಗೆ ಅದು ಅಪ್ಪನಿಗೆ ತಿಳಿದು, "ದಿನಾ ಬುತ್ತಿ ಕಟಗೊಂಡು ಎಲ್ಲಿಗೆ ಹೋಗತಿದ್ದಿ ಯವ್ವಾ?" ಎಂದು ಕೇಳಿದ. ಅದಕ್ಕೂ ನಾನು ಉತ್ತರ ಕೊಡಲಿಲ್ಲ. ಇಂಥ ನಾನು ಒಮ್ಮೆ ಖಾನಾಪುರದ ಗಂಡಸರೆಲ್ಲ ನೆರೆದ ಬಯಲಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ವಿಷಯವಾಗಿ ಬಾಯಿ ಬಿಡಬೇಕಾಯಿತು.

ಎಂಬತ್ತರ ದಶಕದ ಮಾತು. ನಿಮ್ಮ ಅಜ್ಜ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದರು. ಬೆಳಗಾವಿಯ ಫೌಂಡ್ರಿಯೊಂದರಲ್ಲಿದ್ದ ನಾರಾಯಣ ಮಿಸ್ತ್ರಿ ಅವರ ಜೀವದ ಗೆಳೆಯ. ಇಬ್ಬರೂ ಯಾವುದೋ ಪರದೇಶದ ಮಾಸಿಕದಲ್ಲಿ ಒಂದು ಚಿತ್ರ ನೋಡಿದರು. ನಾಲ್ಕು ದಪ್ಪ ಗಾಲಿ, ನಡುವೆ ಎಂಜಿನ್, ಅದರ ಮೇಲೆ ಕುದುರೆ ಹತ್ತಿದಂತೆ ಕೂತ ಸವಾರ. ಬಾಗಿಲಿಲ್ಲ, ಚಾವಣಿಯಿಲ್ಲ, ದಾರಿಯೂ ಬೇಕಾಗಿಲ್ಲ. ಅಷ್ಟೇ ಸಾಕಾಯಿತು. ಹಳೆಯ ಮೋಟಾರ್ ಸೈಕಲ್ಲಿನ ಟೂ-ಸ್ಟ್ರೋಕ್ ಎಂಜಿನ್ ಬಂತು, ಗುಜರಿಯಿಂದ ಕೊಳವೆಗಳು ಬಂದವು. ನಮ್ಮ ಹಿತ್ತಲಲ್ಲಿ ನಾನು ಹಪ್ಪಳ ಒಣಗಿಸುತ್ತಿದ್ದ ಜಾಗದಲ್ಲಿ ಗಾಡಿ ಎದ್ದು ನಿಂತಿತು. ಎಂಜಿನ್ನಿನ ಒಳಗಿನ ಕಿಂಡಿಗಳನ್ನು ಮಿಸ್ತ್ರಿ ಅರದಿಂದ ತಿಕ್ಕಿ ತಿಕ್ಕಿ ಹಿಗ್ಗಿಸಿದ್ದರಿಂದ ಅದಕ್ಕೆ ಹುಟ್ಟಿನಲ್ಲಿಲ್ಲದ ಜೋರು ಬಂದಿತ್ತು. ಅದು ಕೂಗಿದರೆ ನಮ್ಮ ಎಮ್ಮೆ ಹಾಲು ಏರಿಸಿಕೊಂಡುಬಿಡುತ್ತಿತ್ತು. ನಮ್ಮ ಅತ್ತೆ ಮಾತ್ರ, "ನನ್ನ ಮಗ ಮಾಡಿದ್ದು," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು.

ಊರ ಹೊರಗೆ ಕಾರ್ಖಾನೆಯವರು ಕೆಮ್ಮಣ್ಣು ತೆಗೆದು ಬಿಟ್ಟ ಒಂದು ದೊಡ್ಡ ತಗ್ಗಿತ್ತು. ಒಂದು ಕಡೆ ಇಳಿದು, ಗೋಡೆಯಂಥ ಆಚೆ ದಂಡೆಯನ್ನು ಹತ್ತಬೇಕು, ಅಲ್ಲಿ ನಡೆಯುವ ಗಾಡಿಗಳ ಶರ್ಯತ್ತು, ಅಂದರೆ ಪಂದ್ಯ, ಅದೇ. ಮೊದಲ ಸಲ ಪರೀಕ್ಷೆಗೆಂದು ಹೋದಾಗ ದಂಡೆಯ ನಡುವೆ ಎಂಜಿನ್ ಒಮ್ಮೆಲೇ ಜಾಮ್ ಆಗಿ, ಹಿಂದಿನ ಗಾಲಿಗಳು ಬಿಗಿದು, ಗಾಡಿ ಹೊರಳಿತು. ನಿಮ್ಮ ಅಜ್ಜನ ಭುಜ ಕೀಲು ತಪ್ಪಿತು. ಒಂದು ಮೊಳ ಆಚೆ ಬಿದ್ದಿದ್ದರೆ ಗಾಡಿ ಅವರ ಎದೆಯ ಮೇಲೆಯೇ ಬರುತ್ತಿತ್ತು ಎಂದು ನೋಡಿದವರು ಹೇಳಿದರು. ನನ್ನೆದುರಿಗೇ ಹೇಳಿದರು. ಚಹಾ ಕುಡಿಯುತ್ತ ಹೇಳಿದರು.

"ತಪ್ಪು ಎಂಜಿನ್ನಿಂದಲ್ಲ ವೈನಿ, ಪ್ಲಗ್ಗಿಂದು," ಎಂದ ನನ್ನನ್ನು ಅತ್ತಿಗೆಯೆಂದೇ ಕರೆಯುತ್ತಿದ್ದ ನಾರಾಯಣ ಮಿಸ್ತ್ರಿ. "ಪ್ಲಗ್ಗಿನ್ಯಾಗ ಗರಂ ಬ್ಯಾರೆ, ಥಂಡಾ ಬ್ಯಾರೆ. ಗರಂ ಪ್ಲಗ್ಗು ಕಾವು ತನ್ನ ಕಡೇನ ಇಟಗೊಂತೈತಿ. ಪ್ಯಾಟಿಗೆ ಹೋಗಿ ಬರೋ ಗಾಡಿಗೆ ಅದು ಚಲೋ. ಜೋರ ಓಡೋ ಎಂಜಿನ್ನಿಗೆ ಹಾಕಿದ್ರ ಪಿಸ್ಟನ್ ಕರಗಿ ಹಿಡಕೊಂತೈತಿ. ನಮಗ ಕಾವು ಹೊರಗ ಹಾಕೋ ಥಂಡಾ ಬೇಕು."

ಭುಜ ಕೂಡಿದ ಮೇಲೆ ಶರ್ಯತ್ತಿನ ದಿನ ಗೊತ್ತಾಯಿತು. ಹಿಂದಿನ ದಿನ ಇಬ್ಬರೂ ಮೊಣಕೈಯವರೆಗೆ ಎಣ್ಣೆಯಲ್ಲಿದ್ದರು. ಅತ್ತೆಯವರ ಚಾಳೀಸು ಕನ್ನಡಕ ಸರಿ ಮಾಡಿಸಲು ನಾನು ಬೆಳಗಾವಿಗೆ ಹೊರಟಿದ್ದೆ. ಹಳೆಯ ಪ್ಲಗ್ಗನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಟ್ಟು, "ಇದಕಿಂತ ಥಂಡಾ ಕೊಡ್ರಿ ಅನ್ನು, ಅಷ್ಟ," ಎಂದರು ನಿಮ್ಮ ಅಜ್ಜ.

ರವಿವಾರ ಪೇಟೆಯ ಬಾಜೂಕಿನ ಓಣಿಯಲ್ಲಿ ಗಾಡಿ ಸಾಮಾನಿನ ಅಂಗಡಿ. ಸುತ್ತ ಗಂಡಸರು. ನಾನು ಮನಸ್ಸಿನಲ್ಲೇ ಪಾಠ ಮಾಡಿಕೊಂಡು ಹೋದ ಆ ಒಂದು ಮಾತನ್ನು ಆಡಿ ಗೆದ್ದೆನೆಂದುಕೊಂಡೆ. ಅಂಗಡಿಯವನು, "ಥಂಡಾ ಅಂದ್ರ ಎಷ್ಟ ಥಂಡಾ ಅಕ್ಕಾರ? ಇದು ಒಂದ ನಂಬರ ಹೆಚ್ಚ, ಸ್ವಲ್ಪ ಥಂಡಾ. ಇದು ಎರಡ ನಂಬರ ಹೆಚ್ಚ, ಭಾಳ ಥಂಡಾ," ಎಂದು ಎರಡನ್ನು ಮುಂದಿಟ್ಟ. ಎಷ್ಟು ಎಂದು ನನಗೆ ಯಾರೂ ಹೇಳಿರಲಿಲ್ಲ. ಎರಡೂ ಒಂದೇ ಬಸಿರಲ್ಲಿ ಹುಟ್ಟಿದಂತೆ ಕಾಣುತ್ತಿದ್ದವು. ತಪ್ಪಿದರೆ ನಾಳೆ ಅದೇ ದಂಡೆ, ಅದೇ ಎದೆ.

"ಲಗೂ ಹೇಳ್ರಿ. ಸೀರಿ ಆರಸಾಕ ಬಂದಿಲ್ಲ ನೀವು," ಎಂದ ಅವನು. ಹಿಂದಿನವರು ನಕ್ಕರು.

ನಾನು ಹಳೆಯ ಪ್ಲಗ್ಗನ್ನು ಬಿಚ್ಚಿ ನೋಡಿದೆ. ಅದರ ಮೂತಿ ಸುಣ್ಣದಂತೆ ಬಿಳಿಚಿಕೊಂಡು ಒಣಗಿತ್ತು, ಮೇಲೆ ಸಣ್ಣ ಸಣ್ಣ ಗುಳ್ಳೆ. ಎಂಜಿನ್ನಿನ ವಿದ್ಯೆ ನನಗೆ ಗೊತ್ತಿರಲಿಲ್ಲ, ಆದರೆ ಇಂಥ ನಾಲಿಗೆ ಗೊತ್ತಿತ್ತು. ಬಿಸಿಲಿನಲ್ಲಿ ತಿರುಗಿ ಉಷ್ಣವಾದ ಮಕ್ಕಳದು ಹೀಗೇ ಇರುತ್ತದೆ. ಸ್ವಲ್ಪ ಉಷ್ಣಕ್ಕೆ ಒಂದು ಲೋಟ ಮಜ್ಜಿಗೆ ಸಾಕು. ನಾಲಿಗೆಗೆ ಗುಳ್ಳೆ ಎದ್ದಿತೆಂದರೆ ಸಾಬೂದಾಣಿ ಗಂಜಿ, ಕಾಮಕಸ್ತೂರಿ ಬೀಜ, ತಲೆಗೆ ಹರಳೆಣ್ಣೆ, ಎಲ್ಲವೂ ಬೇಕು. ಭಾಳ ಥಂಡಾ ಪ್ಲಗ್ಗಿನ ಕಡೆ ಬೆರಳು ಮಾಡಿದೆ. ಮನೆಗೆ ಬಂದಾಗ ಮಿಸ್ತ್ರಿ ಅದನ್ನು ತಿರುಗಿಸಿ ನೋಡಿ, "ಇಷ್ಟ ಥಂಡಾ ನಡದೀತ?" ಎಂದು ತಲೆ ಕೆರೆದುಕೊಂಡ. ಆ ಕೆರೆತ ರಾತ್ರಿಯೆಲ್ಲ ನನಗೆ ಕೇಳಿಸುತ್ತಿತ್ತು.

ಬೆಳಿಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಪ್ಲಗ್ಗನ್ನು ಕೈಗೆತ್ತಿಕೊಂಡರು. ನಮ್ಮ ಮನೆಯಲ್ಲಿ ಮೊರವೇ ಇರಲಿ, ಕುಡುಗೋಲೇ ಇರಲಿ, ಹೊಸದನ್ನು ವಿಭೂತಿ ಹಚ್ಚದೆ ಬಳಸುವಂತಿಲ್ಲ. ಆದರೆ ಮೊರಕ್ಕೆ ಮೂರು ಬೆರಳು ಎಳೆದರೆ ಮುಗಿಯುತ್ತದೆ. ಪ್ಲಗ್ಗಿಗೆ ಹಣೆ ಯಾವುದು? ಅತ್ತೆ ಸ್ವಲ್ಪ ಯೋಚಿಸಿ, ವಿಭೂತಿಯನ್ನು ನೀರಲ್ಲಿ ಕಲಸಿ, ಕಿಡಿ ಹಾರುವ ಆ ಸಂದಿಯೊಳಗೇ ಒತ್ತಿ ತುಂಬಿದರು. "ನನ್ನ ಮಗನ್ನ ಕಾಯಪಾ," ಎಂದು ಕಣ್ಣಿಗೊತ್ತಿಕೊಂಡರು. ಮೇಲಿನದನ್ನು ಸೆರಗಿನಿಂದ ಒರೆಸಿ ಮಗನ ಕೈಗೆ ಕೊಟ್ಟರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಸೊಸೆಯಾದವಳು ಅತ್ತೆಯ ವಿಭೂತಿಗೆ ಏನೆನ್ನಬೇಕು?

ಬಯಲಿನಲ್ಲಿ ಜನವೋ ಜನ. ಬೆಳಗಾವಿಯ ಹುಡುಗರು ಮೋಟಾರ್ ಸೈಕಲ್ ತಂದಿದ್ದರು. ನಿಮ್ಮ ಅಜ್ಜನ ಸರದಿ ಬಂತು. ಒದ್ದರು, ಗಾಡಿ ಏಳಲಿಲ್ಲ. ಮಿಸ್ತ್ರಿ ಒದ್ದ. ಊಹೂಂ. "ಎತ್ತು ಕಟ್ರಿ, ಎತ್ತು!" ಎಂದು ಯಾರೋ ಕೂಗಿದರು. ನಾನು ಸೆರಗಿನೊಳಗೆ ಕೈಮುಗಿದುಕೊಂಡಿದ್ದೆ. ಅತ್ತೆ ಮಗ ಗೆಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದರೆ, ಗಾಡಿ ಚಾಲೂ ಆಗದಿರಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ದೇವರು ನನ್ನ ಮಾತನ್ನೇ ಮೊದಲು ಕೇಳಿದನೆಂದು ಒಳಗೊಳಗೇ ಹಿಗ್ಗಿದೆ.

ಮಿಸ್ತ್ರಿ ಪ್ಲಗ್ಗು ಬಿಚ್ಚಿದ. ಎಣ್ಣೆಯಲ್ಲಿ ನೆನೆದು ಕರ್ರಗಾಗಿತ್ತು. "ನೋಡ್ರಿ, ಭಾಳ ಥಂಡಾ ಆತು. ಎಣ್ಣಿ ಸುಡಾಕ ಕಾವ ಇಲ್ಲ, ಕುಡದ ಕುಂತೈತಿ. ವೈನಿ ಆರಿಸಿದ್ದು ನಡ್ಯಂಗಿಲ್ಲ," ಎಂದ.

"ಹಳೇದನ್ನ ಹಾಕು," ಎಂದರು ನಿಮ್ಮ ಅಜ್ಜ.

"ಹಿಡಕೊಂಡ್ರ?"

"ಎರಡ ಮಿನೀಟಿನ ಕೆಲಸ. ಏನಾಗತೈತಿ? ಹಾಕಪಾ, ಮಂದಿ ನಗಾಕತ್ತೈತಿ."

ಮಿಸ್ತ್ರಿ ಕಿಸೆಯಿಂದ ಆ ಸುಣ್ಣದ ಮೂತಿಯ ಪ್ಲಗ್ಗನ್ನು ತೆಗೆದ. ಅದನ್ನು ಹಾಕಿದರೆ ಗಾಡಿ ಏಳುತ್ತದೆ, ದಂಡೆ ಹತ್ತುತ್ತದೆ, ನಡುವೆ ಬಿಗಿಯುತ್ತದೆ. ಬಾಜೂಕ್ಕೆ ಅತ್ತೆ ನಿಂತಿದ್ದಾರೆ. ಹೇಳಿದರೆ ಅತ್ತೆಯ ಮಾನ, ಹೇಳದಿದ್ದರೆ ಗಂಡನ ಪ್ರಾಣ. ಹೇಗೆ ನಡೆದೆನೋ ಗೊತ್ತಿಲ್ಲ, ನಾನು ಗಾಡಿಯ ಹತ್ತಿರ ಇದ್ದೆ.

"ಅದನ್ನ ಹಾಕಬ್ಯಾಡ್ರಿ!"

ಇಷ್ಟು ದೊಡ್ಡ ದನಿ ಯಾರದೆಂದು ನಾನೇ ತಿರುಗಿ ನೋಡಿದೆ. ಜನರೂ ನನ್ನ ಕಡೆ ತಿರುಗಿದರು. ನಿಮ್ಮ ಅಜ್ಜ ಬಾಯಿ ತೆರೆದುಕೊಂಡು, "ಏನಾತು?" ಎಂದರು.

"ಪ್ಲಗ್ಗು ಚಲೋ ಐತ್ರಿ. ಅದರ ಬಾಯಾಗ... ದೇವರ ಪ್ರಸಾದ ಐತ್ರಿ."

ಮಿಸ್ತ್ರಿಗೆ ಏನೂ ತಿಳಿಯಲಿಲ್ಲ. ನಾನು ಅವನ ಕೈಯಿಂದ ಹೊಸ ಪ್ಲಗ್ಗನ್ನು ಕಸಿದುಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಸಂದಿಯನ್ನು ಕೆದಕಿದೆ. ಎಣ್ಣೆಯಲ್ಲಿ ಕಲಸಿದ ಬೂದಿ ಹಿಟ್ಟಿನಂತೆ ಹೊರಗೆ ಬಂತು. "ಇದೇನು ಸಿಮೆಂಟಾ?" ಎಂದ ಮಿಸ್ತ್ರಿ. ಅತ್ತೆಯವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಹತ್ತಿರದ ಚಹಾದಂಗಡಿಯ ಸ್ಟೋವಿನ ಮೇಲೆ ಇಕ್ಕಳದಲ್ಲಿ ಹಿಡಿದು, ಎಣ್ಣೆಯ ಪಸೆ ಸುಟ್ಟುಹೋಗುವವರೆಗೆ ಪ್ಲಗ್ಗನ್ನು ಹಪ್ಪಳದಂತೆ ತಿರುವಿ ತಿರುವಿ ಕಾಸಿದೆ. ಬಿಸಿಬಿಸಿಯಾಗಿಯೇ ಮಿಸ್ತ್ರಿ ಅದನ್ನು ತಿರುಗಿಸಿ ಕೂಡಿಸಿದ.

ಒಂದೇ ಒದೆತಕ್ಕೆ ಗಾಡಿ ಎದ್ದಿತು. ಜನ ಸಿಳ್ಳೆ ಹೊಡೆದರು. ನನಗೆ ಮಾತ್ರ ಆಗ ತಲೆಗೆ ಹೊಳೆಯಿತು: ಅವರನ್ನು ಆ ದಂಡೆಗೆ ಕಳಿಸಿದವಳು ನಾನೇ!

ಗಾಡಿ ತಗ್ಗಿಗೆ ಇಳಿದು ಮರೆಯಾಯಿತು. ಸದ್ದು ಮಾತ್ರ ಉಳಿಯಿತು. ಆಚೆ ದಂಡೆಯ ಬುಡದಲ್ಲಿ ಆ ಸದ್ದು ಕೀಚಲಾಯಿತು, ಇನ್ನೂ ಕೀಚಲಾಯಿತು. ಕೆಂಪು ಧೂಳಿನಲ್ಲಿ ಏನೂ ಕಾಣದು. ಹಿಂದಿನ ಸಲ ನಿಂತ ಜಾಗ ಬಂತೆಂದು ಯಾರೋ ಅಂದರು. ಅತ್ತೆ ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದರು. ಅವರ ಉಗುರು ಚರ್ಮಕ್ಕಿಳಿಯಿತು. ಸದ್ದು ನಿಲ್ಲಲಿಲ್ಲ. ಧೂಳಿನ ಮೇಲೆ ಮೊದಲು ಎರಡು ಗಾಲಿ, ಆಮೇಲೆ ನಿಮ್ಮ ಅಜ್ಜನ ತಲೆ ಕಂಡವು.

ಬಹುಮಾನ ಬೆಳಗಾವಿಯ ಹುಡುಗರ ಪಾಲಾಯಿತು. ಮಿಸ್ತ್ರಿ ಪ್ಲಗ್ಗು ಬಿಚ್ಚಿ ಎಲ್ಲರಿಗೂ ತೋರಿಸಿದ. ಅದರ ಮೂತಿ ಹದವಾದ ಚಹಾದ ಬಣ್ಣಕ್ಕೆ ತಿರುಗಿತ್ತು. "ಬರೋಬ್ಬರಿ ಐತಿ ವೈನಿ! ನಾ ಅಂದದ್ದು ತಪ್ಪು," ಎಂದ. ಅತ್ತೆ ಶಾಂತವಾಗಿ, "ಒಳಗ ಒಂದೀಟು ಇಬತ್ತಿ ಉಳದಿತ್ತು, ಅದಕ್ಕ ಕಾಯ್ತು," ಎಂದರು. "ಹೌದ್ರಿ ಅತ್ತಿ," ಎಂದೆ. ಜೀವ ಉಳಿದ ಮೇಲೆ ಲೆಕ್ಕ ಯಾರ ಹೆಸರಿಗಾದರೇನು?

ನಿಮ್ಮ ಅಜ್ಜ ಧೂಳು ಕೊಡವುತ್ತ, ಹತ್ತು ವರ್ಷ ಚಿಕ್ಕವರಾದವರಂತೆ ನಗುತ್ತ ಬಂದರು. "ಮುಂದಿನ ಸಲ ಇದಲ್ಲ, ಲೋಂಡಾ ಕಡೆ ಗುಡ್ಡಾನ ಹತ್ತೂಣು," ಎಂದರು. ಹೇಗೂ ಬಾಯಿ ಬಂದಿದೆ, ಇವತ್ತೇ ಖಡಾಖಂಡಿತವಾಗಿ ಬೇಡ ಎಂದುಬಿಡಬೇಕೆಂದು ಮುಂದೆ ಬಂದೆ. ಸುತ್ತ ಜನ ಮತ್ತೆ ನನ್ನ ಕಡೆ ತಿರುಗಿದರು. ನಾನು ಸೆರಗು ಸರಿಮಾಡಿಕೊಂಡು ಹೇಳಿದೆ:

"ಹಂಗಾದ್ರ ಇದಕಿಂತ ಇನ್ನೊಂದ ನಂಬರ ಥಂಡಾ ಬೇಕಾಗತೈತ್ರಿ."