ಅಕ್ಕನ ಮಂಡಿ ಮತ್ತು ಹಿತ್ತಿಲ ಈಜುಕೊಳದ ನೀರು

ಹಿತ್ತಿಲ ಈಜುಕೊಳದ ನೀರಿನವರ ಸಮ್ಮುಖಕ್ಕೆ,

ಮಾನ್ಯರೇ,

ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ಬೇರೆಯಾಗಿ ವಿಚಾರಿಸುವ ಅಗತ್ಯವಿಲ್ಲ, ಏಕೆಂದರೆ ದಿನಾ ಬೆಳಿಗ್ಗೆ ನಾನು ಹಲ್ಲುಜ್ಜುವ ಮೊದಲೇ ತಮ್ಮಲ್ಲಿ ಪರೀಕ್ಷೆಯ ಪಟ್ಟಿ ಅದ್ದಿ, ಅದರ ಮೇಲೆ ಮೂಡಿದ ಬಣ್ಣಗಳನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಿ, ತಮಗೆ ಹುಳಿ ಏರಿದೆಯೋ ಕ್ಷಾರ ಏರಿದೆಯೋ ಎಂದು ತಿಳಿದ ಮೇಲೆಯೇ ಈ ಮನೆಯಲ್ಲಿ ಚಹಾಕ್ಕೆ ನೀರಿಡುವುದು. ನನ್ನ ರಕ್ತದೊತ್ತಡವನ್ನು ಈ ಮನೆಯಲ್ಲಿ ಯಾರೂ ಇಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲ. ಇದನ್ನು ಅಸೂಯೆಯಿಂದ ಹೇಳುತ್ತಿಲ್ಲ, ಮಾಹಿತಿಗಾಗಿ ತಿಳಿಸುತ್ತಿದ್ದೇನೆ.

ನಾನು ಅಂಗಡಿ ಮುಚ್ಚಿ ಮಗಳ ಮನೆ ಸೇರಿದ ದರ್ಜಿ. ಮಗಳೂ ಅಳಿಯನೂ ಈ ಮನೆ ಕೊಂಡಾಗ ತಾವು ಹಿತ್ತಿಲಲ್ಲಿ ಮೊದಲೇ ಠಿಕಾಣಿ ಹೂಡಿದ್ದಿರಿ. ನನ್ನ ಜೊತೆಗೇ ಬಂದ ಅಕ್ಕನ ಎರಡೂ ಮಂಡಿಗಳು ಮಾತು ಕೇಳುವುದನ್ನು ಬಿಟ್ಟಿವೆ. ನೀರಿನಲ್ಲಿ ನಡೆದರೆ ಮಂಡಿಗೆ ಭಾರ ಬೀಳುವುದಿಲ್ಲ, ನಡೆಯದೆ ಹೀಗೇ ಕೂತಿದ್ದರೆ ಮುಂದೆ ಕೂತೇ ಇರಬೇಕಾಗುತ್ತದೆ ಎಂದು ಡಾಕ್ಟರು ಮುಲಾಜಿಲ್ಲದೆ ಹೇಳಿದರು. ಅದಕ್ಕೆ ಅಕ್ಕ, "ಆಯ್ತು, ನೀರು ತಿಳಿಯಾಗಲಿ, ತಳದ ಜಾಲರಿ ಕಾಣಲಿ, ಇಳೀತೀನಿ. ಅಲ್ಲೀವರೆಗೂ ನನ್ನ ತಂಟೆಗೆ ಬರಬೇಡಿ" ಎಂದುಬಿಟ್ಟಳು. ವಿಮೆ ಕಚೇರಿಯಲ್ಲಿ ಕೆಲಸ ಮಾಡಿ ಮಾಡಿ ಚಮಚದಲ್ಲೂ ಅಪಾಯ ಕಾಣುವ ಅಳಿಯನ ಕಟ್ಟಪ್ಪಣೆಯೂ ಅದೇ: ತಳ ಕಾಣದ ನೀರಿಗೆ ಯಾರೂ ಇಳಿಯಕೂಡದು. ಹೀಗಾಗಿ ನಮ್ಮ ಅಕ್ಕ ಎದ್ದು ಓಡಾಡುವುದೋ ಬಿಡುವುದೋ ಎಂಬುದು ತಮ್ಮ ಮನಸ್ಸಿನ ಸ್ಥಿತಿಯ ಮೇಲೆ ನಿಂತಿತು. ತಾವೋ, ಹಾಲು ಬೆರೆಸಿದ ಗಂಜಿಯ ಹಾಗೆ ಮಂಕಾಗಿ ಕೂತಿರಿ.

ತಮ್ಮ ಮರ್ಯಾದೆಗೆ ನಾವು ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ ಎಂಬುದನ್ನು ಅಳಿಯ ನನಗೆ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದ. ಆಮ್ಲದ ಡಬ್ಬಿಯನ್ನೂ ಕ್ಲೋರಿನ್ ಡಬ್ಬಿಯನ್ನೂ ಮುನಿಸಿಕೊಂಡ ಬೀಗರಂತೆ ಬೇರೆ ಬೇರೆ ಕೋಣೆಯಲ್ಲಿ ಇಟ್ಟು ಬೀಗ ಹಾಕಿದೆವು, ಏಕೆಂದರೆ ಅವರಿಬ್ಬರೂ ಒಂದೆಡೆ ಸೇರಿದರೆ ಏಳುವ ವಿಷದ ಹೊಗೆಗೆ ನೆಂಟರು ಪರರು ಎಂಬ ಭೇದವಿಲ್ಲ. ಒಂದನ್ನು ಹಾಕಿದ ಮೇಲೆ ಪಂಪು ಓಡಿಸಿ, ಅದು ತಮ್ಮ ಮೂಲೆಮೂಲೆಗೂ ತಲುಪುವವರೆಗೆ ಕಾದು, ಮತ್ತೆ ಅಳೆದು, ಆಮೇಲಷ್ಟೇ ಇನ್ನೊಂದಕ್ಕೆ ಕೈ ಹಾಕಿದೆ. ಅಳತೆ ತೆಗೆಯದೆ ಬಟ್ಟೆಗೆ ಕತ್ತರಿ ಇಟ್ಟವನಲ್ಲ ನಾನು. ಮೊಣಕೈವರೆಗೆ ರಬ್ಬರ್ ಗ್ಲೌಸು, ಕಣ್ಣಿಗೆ ದೊಡ್ಡ ಕನ್ನಡಕ ಏರಿಸಿಕೊಂಡು ನಾನು ಹಿತ್ತಿಲಿಗೆ ಬರುತ್ತಿದ್ದರೆ ಪಕ್ಕದ ಮನೆಯ ನಾಯಿ ಬೊಗಳುವುದನ್ನು ನಿಲ್ಲಿಸಿ ಮನೆಯೊಳಗೆ ಹೋಗುತ್ತಿತ್ತು.

ಬಣ್ಣದ ವಿಷಯದಲ್ಲಿ ಮನೆ ಒಡೆಯುವುದೊಂದು ಬಾಕಿ. ಜೀವಮಾನವೆಲ್ಲ ಬಟ್ಟೆಗೆ ದಾರ ಹೊಂದಿಸಿದ ನಾನು, ಪಟ್ಟಿಯಲ್ಲಿ ಕ್ಷಾರದ ಚೌಕ ಗಿಳಿಹಸಿರೂ ಅಲ್ಲ, ಎಲೆಹಸಿರೂ ಅಲ್ಲ, ಬಲಿತ ಹೀರೇಕಾಯಿಯ ಬಣ್ಣ ಎಂದರೆ, ಮಗಳು "ಅಪ್ಪಾ, ಅದು ಹಸಿರು ಕಣಪ್ಪ, ಬರೀ ಹಸಿರು" ಎನ್ನುತ್ತಿದ್ದಳು. ಒಂದು ದಿನ ತಮ್ಮಿಂದ ಕ್ಲೋರಿನ್ ವಾಸನೆ ಮೂಗಿಗೆ ಬಡಿದು, ಹೆಚ್ಚಾಯಿತೇನೋ ಎಂದು ನಾನು ಗಾಬರಿಯಾದರೆ, "ಇಲ್ಲ ಮಾವ, ವಾಸನೆ ಬಂತು ಅಂದ್ರೆ ಕಡಿಮೆಯಾಗಿದೆ ಅಂತ ಅರ್ಥ. ಇರೋದು ಕೊಳೆ ಜೊತೆ ಗುದ್ದಾಡಿ ಸುಸ್ತಾಗಿದೆ" ಎಂದ ಅಳಿಯ. ಇಂಥ ನ್ಯಾಯಶಾಸ್ತ್ರವನ್ನು ಮುಖದಲ್ಲಿ ಒಂದು ಗೆರೆಯೂ ಮೂಡದಂತೆ ಪಾಲಿಸುವ ತಮ್ಮನ್ನು ಏನೆಂದು ಹೊಗಳಲಿ.

ಇಷ್ಟಾದರೂ, ನಾನು ಸಂಜೆ ಆಮ್ಲ ಹಾಕಿ ಸಮಕ್ಕೆ ತಂದ ತಮ್ಮ ಕ್ಷಾರ ಮರುದಿನ ಸಂಜೆಗೆ ಮತ್ತೆ ಮೇಲೇರಿ ಕೂತು, ಅದರ ಜೊತೆಗೆ ತಮ್ಮ ಮಂಕೂ ಮರಳಿರುತ್ತಿತ್ತು. ತಮ್ಮ ಹಠಕ್ಕೆ ಬೆರಗಾಗಿ, ಏರುವ ಮುನ್ನಾದಿನ ಒಂದು ಚೀಟಿಯನ್ನಾದರೂ ಕಳಿಸಬೇಕೆಂದೂ, ಭಾನುವಾರ ಮಾತ್ರವಾದರೂ ಒಂದೇ ಅಭಿಪ್ರಾಯದಲ್ಲಿ ನಿಲ್ಲಬೇಕೆಂದೂ, ಕ್ಲೋರಿನ್ನನ್ನು ಕುಡಿದು ಹೋಗುವ ಬಿಸಿಲಿಗೆ ನಮ್ಮ ಹಿತ್ತಿಲನ್ನು ಬಿಟ್ಟು ಸುತ್ತಿಬಳಸಿ ಹೋಗುವಂತೆ ತಮ್ಮ ಕಡೆಯಿಂದ ಒಂದು ಮಾತು ಹೇಳಬೇಕೆಂದೂ ಕೋರಿ ಬರೆಯಲು ಕೂತಿದ್ದೆ. ಈ ಪತ್ರ ಅಲ್ಲಿಗೇ ಮುಗಿಯಬೇಕಿತ್ತು.

ಮೊನ್ನೆ ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ಅಕ್ಕ ಕೋಲೂರಿಕೊಂಡು ತಮ್ಮ ದಡಕ್ಕೆ ಬಂದು, ಆಚೀಚೆ ನೋಡಿ, ಶಾಲಿನ ಮರೆಯಿಂದ ಅಡುಗೆ ಸೋಡದ ಡಬ್ಬಿ ತೆಗೆದು, ಗಿಡಕ್ಕೆ ಗೊಬ್ಬರ ಹಾಕುವವಳಂತೆ ತಮಗೆ ಸುರಿದಳು. ಸುರಿದು, "ಇನ್ನೊಂದು ವಾರ ಹೀಗೇ ಇರಪ್ಪ" ಎಂದು ತಮ್ಮಲ್ಲಿ ಬೇಡಿಕೊಂಡಳು. ಕ್ಷಾರ ಏರಬೇಕಾದರೆ ಅಡುಗೆ ಸೋಡ ಸಾಕು, ಅದರಿಂದ ಯಾರಿಗೂ ಕೇಡಿಲ್ಲ ಎಂದು ಊಟದ ಹೊತ್ತಿನಲ್ಲಿ ಭಾಷಣ ಬಿಗಿದಿದ್ದವನು ನಾನೇ. ಇಡೀ ಮನೆಯಲ್ಲಿ ಅದನ್ನು ಕಿವಿಗೊಟ್ಟು ಕೇಳಿದವಳು ಅವಳೊಬ್ಬಳೇ. ಸೋಡ ಎಲ್ಲಿ ಹೋಗುತ್ತಿದೆಯೆಂದು ಮಗಳು ಇಲಿಯ ಮೇಲೆ ಅನುಮಾನಪಟ್ಟಿದ್ದಳು.

ಕತ್ತಲೆಗೆ ಹೆದರದ, ಹಾವಿಗೆ ಹೆದರದ, ನನ್ನನ್ನು ಹೊಡೆದ ಮೇಷ್ಟರ ಮನೆಗೇ ಹೋಗಿ ಜಗಳ ತೆಗೆದು ಬಂದ ಅಕ್ಕ ತಮಗೆ ಹೆದರಿದ್ದಳು. ತಾವು ನಿರಪರಾಧಿ ಎಂದು ಗೊತ್ತಾದರೂ ನಾನು ಕ್ಷಮೆ ಕೇಳುವುದಿಲ್ಲ, ಏಕೆಂದರೆ ಇಷ್ಟು ದಿನ ಅವಳ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನಿಂದ ಬೈಸಿಕೊಂಡದ್ದು ತಮ್ಮದೇ ತಪ್ಪು. ನಾನು ಅಕ್ಕನಿಗೆ ಏನೂ ಹೇಳದೆ ಸೋಡದ ಡಬ್ಬಿಯನ್ನು ಅಟ್ಟಕ್ಕೇರಿಸಿ ಆಮ್ಲದ ಕೊನೆಯ ಕಂತು ಹಾಕಿದೆ. ತಾವು ತಿಳಿಯಾದಿರಿ. ಈ ಬೆಳಿಗ್ಗೆ ತಳದ ಜಾಲರಿಯ ಒಂದೊಂದು ಕಿಂಡಿಯೂ ಕಾಣುತ್ತಿತ್ತು. ಅಕ್ಕ ಬಂದು ನೋಡಿ, "ತಣ್ಣಗಿರತ್ತೆ" ಎಂದಳು. ಕೋಲಿನ ತುದಿಯನ್ನು ಅದ್ದಿ ತೆಗೆದು, "ನಾಳೆ ನೋಡೋಣ" ಎಂದಳು.

ಆಗ, ಬಕೆಟ್ಟಿನ ಆಚೆ ನೀರಿನ ಸಹವಾಸವೇ ಇಲ್ಲದ ನಾನು, ಸ್ವಂತ ಕೈಯಿಂದ ಹೊಲಿದುಕೊಂಡ ಚಡ್ಡಿ ತೊಟ್ಟು, ಕಂಬಿ ಹಿಡಿದು ತಮ್ಮೊಳಗೆ ಸೊಂಟದವರೆಗೆ ಇಳಿದೆ. ಇಳಿದು ನಾಲ್ಕು ಹೆಜ್ಜೆ ನಡೆದ ಮೇಲೆ ಕಂಬಿ ದೂರವಾಗಿತ್ತು, ಕಾಲು ಎತ್ತಲು ಧೈರ್ಯ ಬರಲಿಲ್ಲ. "ಏ ಪೆದ್ದ, ಜಾರಿ ಬಿದ್ರೆ ಯಾರೋ ಎತ್ತೋರು ನಿನ್ನ? ಮೇಲೆ ಬಾ" ಎಂದಳು ಅಕ್ಕ. "ಬರಕ್ಕೆ ಆಗ್ತಿಲ್ಲ ಕಣೇ ಅಕ್ಕ" ಎಂದೆ. ಅದು ನಾಟಕವಾಗಿರಲಿಲ್ಲವೆಂಬುದಕ್ಕೆ ನನ್ನ ಸುತ್ತ ಎದ್ದ ಸಣ್ಣ ಸಣ್ಣ ಅಲೆಗಳೇ ಸಾಕ್ಷಿ.

ಅಕ್ಕ ಕೋಲನ್ನು ಕುರ್ಚಿಗೆ ಒರಗಿಸಿ, ಉಟ್ಟ ಬಟ್ಟೆಯಲ್ಲೇ, ಬೈಯುತ್ತಾ ಒಂದೊಂದೇ ಮೆಟ್ಟಿಲು ಇಳಿದಳು. ಬಂದವಳು ನನ್ನ ಕಿವಿ ಹಿಡಿದಳು. ಹಿಡಿದ ಕಿವಿಯನ್ನು ಬಿಡದೆ ಈ ಗೋಡೆಯಿಂದ ಆ ಗೋಡೆಗೆ, ಆ ಗೋಡೆಯಿಂದ ಈ ಗೋಡೆಗೆ ನನ್ನನ್ನು ನಡೆಸಿದಳು. ಸದ್ದು ಕೇಳಿ ಓಡಿಬಂದ ಅಳಿಯ ಗಾಳಿ ತುಂಬಿದ ಟ್ಯೂಬು ಹಿಡಿದು ದಡದಲ್ಲಿ ಜೊತೆಜೊತೆಗೇ ನಡೆದ. ಎರಡನೆಯ ಸುತ್ತಿನ ನಡುವೆ ಅಕ್ಕನ ಬೈಗುಳ ನಿಂತಿತು. ತಾನು ಕೋಲಿಲ್ಲದೆ ನಡೆಯುತ್ತಿರುವುದು ಅವಳಿಗೆ ಗೊತ್ತಾಯಿತೆಂದು ಕಾಣುತ್ತದೆ. ಮೂರನೆಯ ಸುತ್ತಿಗೆ ಹೊರಟಳು.

ಆದ್ದರಿಂದ ಮಾನ್ಯರೇ, ಅಕ್ಕನ ಮಂಡಿ ಹಗುರ ಮಾಡಿ ನನ್ನ ಕಿವಿ ಉದ್ದ ಮಾಡಿದ ತಮ್ಮ ಮೇಲಿನ ಈ ದೂರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ, ಮುಂದಕ್ಕೂ ಒಯ್ಯುವುದಿಲ್ಲ.

ಇಂತಿ,
ಸೊಂಟದವರೆಗೆ ಮಾತ್ರ ತಮ್ಮ ವಿಶ್ವಾಸಿ,
ನಿವೃತ್ತ ದರ್ಜಿ

ಮರೆತ ಮಾತು: ಮುಂದಿನ ವಾರ ಆಳದ ತುದಿಯವರೆಗೂ ಹೋಗೋಣ ಎಂದು ಅಕ್ಕ ಅಪ್ಪಣೆ ಕೊಡಿಸಿದ್ದಾಳೆ. ಅಲ್ಲಿ ತಾವು ನನಗಿಂತ ಒಂದು ಗೇಣು ಎತ್ತರವಿದ್ದೀರಿ. ಉದ್ದವಾದ ಪ್ಯಾಂಟನ್ನು ಮಡಿಸಿ ಹೊಲಿಯುವಂತೆ ಆ ತುದಿಯಲ್ಲಿ ತಾವೂ ಒಂದು ಮಡಿಕೆ ಹಾಕಿಸಿಕೊಳ್ಳಬೇಕಾಗಿ ವಿನಂತಿ. ತಾವಾಗಿ ಒಪ್ಪದಿದ್ದರೆ, ತಮ್ಮ ತಳದ ಬೂಚಿನ ಮೇಲೆ ನನಗಿರುವ ಹಕ್ಕನ್ನು ಅಳಿಯನಿಂದ ತಿಳಿದುಕೊಂಡಿದ್ದೇನೆ.