ನನ್ನ ಕಾಲು ಮುಳುಗಿದರೆ ಊರೆಲ್ಲ ಡಾಕ್ಟರು

ನಮ್ಮ ಕಡೆ ಒಬ್ಬನಿಗೆ ಕೆಮ್ಮು ಬಂದರೆ ಹತ್ತು ಮಂದಿ ಕಷಾಯ ಹೇಳುತ್ತಾರೆ. ಅದನ್ನು ಹೇಗೋ ಸಹಿಸಬಹುದು. ನನಗೆ ಬಂದದ್ದು ನೀರಿನೊಳಗೆ ಕಾಲು ಮುಳುಗುವ ಕಾಯಿಲೆ. ಅದಕ್ಕೂ ಬಿಡಲಿಲ್ಲ ಈ ಜನ!

ಬಸ್ಸಿಗೆ ಕಾಯುವವ

ಸ್ಕೂಬಾ ಡೈವಿಂಗ್ ನಮ್ಮ ಕಡಲಿಗೆ ಬಂದ ಹೊಸತು. ಗಂಗೊಳ್ಳಿಯ ಐಸ್ ಪ್ಲಾಂಟ್ ಬಿಟ್ಟು ಬೈಂದೂರಿನ ಆಚೆ ಒಂದು ಡೈವಿಂಗ್ ದೋಣಿಗೆ ಸೇರಲು ಹೊರಟೆ. ಪರೀಕ್ಷೆ ಒಂದೇ. ನೀರಿನೊಳಗೆ ಮಲಗಿದ ಹಾಗೆ ಅಡ್ಡವಾಗಿ, ಏಳದೆ, ಇಳಿಯದೆ, ಅಲುಗದೆ ಇರಬೇಕು. ಪಾಸಾದರೆ ಗೈಡ್ ಕೆಲಸ, ಇಲ್ಲವಾದರೆ ಮತ್ತೆ ಐಸ್ ಹೊರುವುದು.

ಕಡಲ ದಡದಲ್ಲೇ ಹುಟ್ಟಿದ ನನಗೆ ಇದೆಂಥಾ ಪರೀಕ್ಷೆ ಅಂದುಕೊಂಡೆ. ಸಿಲಿಂಡರ್ ಹೊತ್ತು ಇಳಿದರೆ ತಲೆ ಮೇಲೆ, ಕಾಲು ಕೆಳಗೆ! ಬಡಿದಷ್ಟೂ ಕೆಸರೆದ್ದು ಯಾರಿಗೂ ಏನೂ ಕಾಣಲಿಲ್ಲ.

ಕಲಿಸುವ ಸರ್ ಹೇಳಿದರು: "ನೀನು ಈಜ್ತಾ ಇಲ್ಲ, ಬಸ್ಸಿಗೆ ಕಾಯ್ತಾ ಇದ್ದೀಯ."

ಜೊತೆಗೆ ಕಲಿಯುತ್ತಿದ್ದ ಬಾರ್ಕೂರಿನವ ಹಲ್ಲು ಕಿರಿದ. "ಕೈ ಅಡ್ಡ ಹಿಡಿ ಮಾರಾಯ, ಬಸ್ ನಿಲ್ಸ್ತ್ರ್."

ಅಲ್ಲೇ ಮುಳುಗಿಸಿಬಿಡಬೇಕು ಅನ್ನಿಸಿತು. ಏನು ಮಾಡುವುದು, ಅವನು ನನಗಿಂತ ಚೆನ್ನಾಗಿ ತೇಲುತ್ತಿದ್ದ.

ಅಮ್ಮನ ಮದ್ದು

ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. "ಕಾಲ್ ಭಾರ ಅಂದ್ರೆ ವಾಯು," ಎಂದು ಅಮ್ಮ ಓಮದ ಕಷಾಯ ಕುದಿಸಿದಳು.

ನನಗೆ ಸಿಟ್ಟು ನೆತ್ತಿಗೇರಿತು. "ವಾಯು ಇದ್ರೆ ತೇಲೂದ್ ಅಮ್ಮಾ, ಮುಳ್ಗೂದಲ್ಲ!"

ಅಮ್ಮ ಕಷಾಯವನ್ನು ಒಲೆಯಿಂದ ಇಳಿಸಿದಳು. "ಹಂಗಾರೆ ನಾಳಿಂದ ಕಡ್ಲಿ ಬೇಯ್ಸ್ತೆ."

ಕಡಲೆ ಬೇಯಿಸಿಯೂ ಬಿಟ್ಟಳು. ಅದರ ಫಲವನ್ನು ದೋಣಿಯಲ್ಲಿದ್ದವರೆಲ್ಲ ಅನುಭವಿಸಿದರು, ಕಾಲು ಮಾತ್ರ ಮೇಲೆ ಬರಲಿಲ್ಲ.

ಮಾವನ ಉಂಡೆ

ಅಮ್ಮನ ತಮ್ಮ ಬಲೆ ಕಟ್ಟುವವ. "ಬಲಿ ಮುಳುಗ್ರೆ ಎಂತ ಮಾಡ್ತ್ರ್? ಉಂಡಿ ಕಟ್ಟೂದ್!" ಎಂದವನೇ ಬಲೆ ತೇಲಿಸುವ ಪ್ಲಾಸ್ಟಿಕ್ ಉಂಡೆಗಳನ್ನು ನನ್ನ ಎರಡೂ ಕಾಲಿಗೆ ಬಿಗಿದ.

ಇಳಿದದ್ದೇ ತಡ, ಕಾಲು ಆಕಾಶಕ್ಕೆ, ತಲೆ ಪಾತಾಳಕ್ಕೆ. ಸರ್ ಬಂದು ನೋಡಿದರೆ ನೀರಿನ ಮೇಲೆ ಎರಡು ಪಾದ ಮಾತ್ರ. ಅವರು ಎಳೆದು ಕೂರಿಸಿದರು, ನಾನು ಮನೆಗೆ ಬಂದು ಮಾವನ ಮೇಲೆ ಹರಿಹಾಯ್ದೆ.

ಮಾವ ಸ್ವಲ್ಪವೂ ಬೆದರಲಿಲ್ಲ. "ಕಾಲ್ ಮೇಲ್ ಬಂತಾ ಇಲ್ಯಾ? ನಾ ಹೇಳದ್ದ್ ಕಾಲಿನ ಲೆಕ್ಕ. ತಲಿ ನೀನೇ ಕಾಣ್ಕಣ್."

ಪರೀಕ್ಷೆ

ಕೊನೆಗೆ ಸರ್ ನನ್ನ ಸೊಂಟದ ಪಟ್ಟಿಯಲ್ಲಿ ಭಾರಕ್ಕೆಂದು ಕಟ್ಟಿದ್ದ ಸೀಸದ ತುಂಡುಗಳನ್ನು ಬಿಚ್ಚಿ ಸಿಲಿಂಡರಿನ ಕುತ್ತಿಗೆಯ ಹತ್ತಿರ ಕಟ್ಟಿದರು, ಈಜಲು ಕಾಲಿಗೆ ತೊಡುವ ಭಾರದ ರಬ್ಬರ್ ರೆಕ್ಕೆ ತೆಗೆದು ಹಗುರದ್ದು ಕೊಟ್ಟರು. ಅಷ್ಟೇ! ಕಾಲು ತಾನಾಗಿ ಮೇಲೆ ಬಂತು.

"ಇದನ್ನು ಮೊದಲೇ ಹೇಳಬಾರದಿತ್ತಾ ಸರ್?"

"ಮೊದಲು ಊರವರ ಮದ್ದು ಮುಗಿಯಲಿ ಅಂತ ಕಾದೆ."

ಪರೀಕ್ಷೆಯ ದಿನ ಕಿರಿಮಂಜೇಶ್ವರದ ಕಡೆ, ದಡಕ್ಕೆ ಹತ್ತಿರ, ಸರ್ ಜೊತೆ ತಿಳಿನೀರಿಗಿಳಿದೆ. ಕೈ ಮುಂದೆ ಮಡಚಿ, ಕಾಲು ಅಲುಗಿಸದೆ, ನಿಧಾನ ಉಸಿರಾಡುತ್ತ, ನೀರಿನ ಮೇಲ್ಮೈಗಿಂತ ತುಸುವೇ ಕೆಳಗೆ ಅಡ್ಡವಾಗಿ ತೇಲಿದೆ. ಐಸ್ ಪ್ಲಾಂಟಿಗೆ ನಮಸ್ಕಾರ ಅಂದುಕೊಳ್ಳುತ್ತಿದ್ದೆ.

ಕಡಲಲ್ಲಿ ಹೆಣ ಕಂಡರೆ ನಮ್ಮ ಮೀನುಗಾರರು ಬಿಟ್ಟುಹೋಗುವವರಲ್ಲ, ದಡ ಮುಟ್ಟಿಸುತ್ತಾರೆ. ಆ ಹೊತ್ತಿಗೇ ಅವರದೊಂದು ದೋಣಿ ಮೇಲೆ ಬರಬೇಕೇ! ಇಬ್ಬರು ಹಾರಿ, ನನ್ನ ತೋಳು ಹಿಡಿದು ಎಳೆದು, ಮೀನಿನ ಬುಟ್ಟಿಗಳ ಪಕ್ಕ ಮಲಗಿಸಿದರು. ಒಬ್ಬ ಟಾರ್ಪಾಲು ಹೊದಿಸಲು ಬಂದ. ಬಾಯಲ್ಲಿದ್ದ ಉಸಿರಾಟದ ನಳಿಗೆಯನ್ನು ಉಗುಳಿ ಕಿರುಚಿದೆ: "ಹ್ವಾಯ್, ನಾ ಸಾಯ್ಲಿಲ್ಲೆ! ಉಸ್ರಿನ ಗುಳ್ಳಿ ಬತ್ತಾ ಇತ್ತ್, ಕಾಣ್ಲಿಲ್ಯಾ?"

ಹಿರಿಯ ಮೀನುಗಾರನಿಗೆ ನನಗಿಂತ ಹೆಚ್ಚು ಸಿಟ್ಟು. "ಸತ್ತವ್ರಿಂದ್ಲೂ ಗುಳ್ಳಿ ಬತ್ತ್. ಬದ್ಕಿದವ ಇಷ್ಟ್ ಸುಮ್ನೆ ಇರ್ತ್ನಾ?"

ಅಷ್ಟರಲ್ಲಿ ಸರ್ ನೀರಿನಿಂದ ತಲೆ ಎತ್ತಿದರು. ಕೆಲಸ ಹೋಯಿತೆಂದು ನಾನು ಅಳುವ ಹಾಗಾಗಿದ್ದೆ. "ಇನ್ನೊಂದ್ಸಲ ಇಳಿತೆ ಸರ್!"

"ಬೇಡ ಮಾರಾಯ," ಎಂದರು ಸರ್. "ಹೆಣ ಅಂತ ಎಳೆದುಕೊಂಡು ಹೋಗುವಾಗಲೂ ನಿನ್ನ ಕಾಲು ಕೆಳಗೆ ಇಳಿಯಲಿಲ್ಲ. ಪಾಸ್."