ದೊಡ್ಡಪ್ಪ ಬಿಟ್ಟ ಖಾಲಿ ಜಾಗ

ಡೊಂಬಿವಲಿಯಲ್ಲಿ ಖಾಲಿ ಜಾಗವನ್ನು ಪೋಲು ಮಾಡುವ ಧೈರ್ಯ ಇರುವುದು ಒಬ್ಬರಿಗೇ: ನಮ್ಮ ದೊಡ್ಡಪ್ಪನಿಗೆ. ಮುಂಬಯಿಯ ಲೋಕಲ್ ರೈಲಿನ ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ, ಅರ್ಧ ತೊಡೆಯೂರಿ, ಮೂವತ್ತು ವರ್ಷ ಕೆಲಸಕ್ಕೆಂದು ಠಾಣೆ ಶಹರಕ್ಕೆ ಹೋಗಿ ಬಂದವರು. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ; ಮಂಚದಡಿ ಸೂಟ್‌ಕೇಸ್, ಅದರೊಳಗೆ ಇನ್ನೊಂದು ಸೂಟ್‌ಕೇಸ್. ಆದರೆ ತಮ್ಮ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಅವರು ಜಹಗೀರುದಾರರು. ದೊಡ್ಡ ಹಾಳೆಯ ಒಂದು ಅಂಚಿಗೆ ಒತ್ತರಿಸಿದ ಒಂದೇ ಫೋಟೋ, ಉಳಿದದ್ದು ಬಟ್ಟಬಯಲು. ಒಂದು ಪುಟದಲ್ಲಿ ಎಡಕ್ಕೆ, ಇನ್ನೊಂದರಲ್ಲಿ ತೀರ ಕೆಳಗೆ. ಇದು ಕಲೆಯೇ, ಕಣ್ಣಿನ ಪೊರೆಯೇ?

ಅಂಟಿಸುವ ವಿಧಾನವೂ ಅವರದ್ದೇ. ಠಾಣೆಯ ವಾಗ್ಳೆ ಎಸ್ಟೇಟಿನ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತವರಿಗೆ ಅಂಗಡಿಯ ಗೋಂದಿನ ಮೇಲೆ ನಂಬಿಕೆಯಿಲ್ಲ. ಮೈದಾ ಕದಡಿ, ಸಣ್ಣ ಉರಿಯಲ್ಲಿ ಕಾಯಿಸಿ, ಚಿಟಿಕೆ ಉಪ್ಪು ಹಾಕುತ್ತಾರೆ.

“ಗೋಂದಿಗೆ ಉಪ್ಪು ಯಾಕೆ ದೊಡ್ಡಪ್ಪ?”

“ಕೈ ಅಭ್ಯಾಸ.”

ಇಷ್ಟು ರುಚಿಕಟ್ಟಾದ ಗೋಂದನ್ನು ಜಿರಳೆಗಳು ಬಿಡುತ್ತವೆಯೇ? ನನ್ನ ಸೋದರಮಾವನ ಮದುವೆಯ ಫೋಟೋದಲ್ಲಿ ಮದುಮಗನ ಮೀಸೆಯನ್ನು ಪೂರ್ತಿ ಮುಗಿಸಿವೆ. ಮದುಮಗಳ ತಂಟೆಗೆ ಹೋಗಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡೂ ಕಡೆಯಿಂದ ಗೆದ್ದವಳು ನಾನು. ಒಂದು ಭಾನುವಾರ ಕೋಪರಖೈರಣೆಯ ನನ್ನ ಮನೆಯಿಂದ ಲ್ಯಾಪ್‌ಟಾಪ್ ಹೊತ್ತು, ಆ ಮೀಸೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಬಂದೆ.

“ಎಲ್ಲ ಸ್ಕ್ಯಾನ್ ಮಾಡಿ ಡಿಜಿಟಲ್ ಪುಸ್ತಕ ಮಾಡುವಾ. ಅದಕ್ಕೆ ಜಿರಳೆ ಬರುವುದಿಲ್ಲ.”

“ಜಿರಳೆಗೂ ಒಂದು ಹೊಟ್ಟೆ ಉಂಟಲ್ಲ ಮಾರಾಯ್ತಿ.”

“ಅದು ವಾದ ಅಲ್ಲ.”

“ನಾನೆಲ್ಲಿ ವಾದ ಮಾಡಿದೆ? ಚಾ ಕುಡಿ.”

ದೊಡ್ಡಮ್ಮ ಇದ್ದಿದ್ದರೆ ನನ್ನ ಪರವಾಗಿ ಒಂದು ಓಟು ಬೀಳುತ್ತಿತ್ತು. ಎರಡು ವರ್ಷದಿಂದ ಆ ಓಟು ಇಲ್ಲ. ಸ್ಕ್ರ್ಯಾಪ್‌ಬುಕ್ಕಿನಲ್ಲಿ ಅವರ ಒಂದು ಫೋಟೋವೂ ಇಲ್ಲ. ಕ್ಯಾಮೆರಾ ಹೊರಗೆ ಬಂದ ಕ್ಷಣ ಅವರಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. “ನೀವೆಲ್ಲ ನಿಲ್ಲಿ, ಈಗ ಬಂದೆ” ಎಂದು ಹೋದವರು ತಿರುಗಿ ಬರುವಷ್ಟರಲ್ಲಿ ಫೋಟೋ ಮುಗಿದಿರುತ್ತಿತ್ತು. ಗೋಡೆಯ ಮೇಲಿನ ಹಾರದ ಫೋಟೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವರು ನಮ್ಮೆಲ್ಲರ ಮೇಲೂ ಅನುಮಾನಪಡುತ್ತಿರುವಂತೆ ಕಾಣುತ್ತಾರೆ.

ದೊಡ್ಡಪ್ಪ ಚಾ ಮುಗಿಸಿ ಕೇಳಿದರು: “ಎಲ್ಲ ಬರ್ತದಾ ಅದರಲ್ಲಿ? ಒಂದೂ ಬಿಟ್ಟುಹೋಗದ ಹಾಗೆ?”

“ಒಂದೂ ಬಿಡುವುದಿಲ್ಲ,” ಎಂದು ಮಾತು ಕೊಟ್ಟೆ. ಎದುರಾಳಿ ಇಷ್ಟು ಬೇಗ ಸೋತರೆ ಅನುಮಾನಪಡಬೇಕು ಎಂದು ನಮಗೆ ಕಲಿಸಿದ್ದರು. ಯಾರಿಗೆ ನೆನಪು?

ಎರಡು ಭಾನುವಾರ ಸ್ಕ್ಯಾನ್ ಮಾಡಿದೆ. ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಂಡಿತು. ಬಿಳಿ ಅಂಚುಗಳನ್ನು ಕತ್ತರಿಸಿ, ಪುಟಕ್ಕೆ ನಾಲ್ಕರಂತೆ ಜೋಡಿಸಿ, ನೂರು ಪುಟವನ್ನು ಇಪ್ಪತ್ತೈದಕ್ಕೆ ಇಳಿಸಿತು. ಒಂದು ಬೆರಳಿನಷ್ಟೂ ಪೋಲಿಲ್ಲ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಇಪ್ಪತ್ತೈದನ್ನೂ ನೋಡಿದರು. ಮತ್ತೆ ಮೊದಲಿನಿಂದ ನೋಡಿದರು.

“ನಿನ್ನ ದೊಡ್ಡಮ್ಮನನ್ನು ಎಲ್ಲಿ ಹಾಕಿದಿ?”

“ದೊಡ್ಡಮ್ಮ ಯಾವ ಫೋಟೋದಲ್ಲೂ ಇಲ್ಲವಲ್ಲ ದೊಡ್ಡಪ್ಪ.”

“ಫೋಟೋದಲ್ಲಿ ಇಲ್ಲ. ಪುಸ್ತಕದಲ್ಲಿ ಉಂಟು.”

ಹಳೆಯ ಪುಸ್ತಕ ಬಿಡಿಸಿದರು. ನನ್ನ ನಾಮಕರಣ, ಫೋಟೋ ಎಡಕ್ಕೆ. ಅವರ ಬೆರಳು ಬಲಗಡೆಯ ಬಯಲಿನ ಮೇಲೆ ನಿಂತಿತು. “ಅಡುಗೆಮನೆ ಈ ಬದಿಗೆ. ಪಾಯಸಕ್ಕೆ ಗೋಡಂಬಿ ಹುರಿಯುತ್ತಿದ್ದಳು.” ಇನ್ನೊಂದು ಪುಟದಲ್ಲಿ ಹೌಸಿಂಗ್ ಸೊಸೈಟಿಯ ಅಂಗಳ, ಫೋಟೋ ತೀರ ಕೆಳಗೆ. “ಇವಳು ಮೇಲೆ, ಮೂರನೇ ಮಾಳಿಗೆಯ ಕಿಟಕಿಯಲ್ಲಿ.” ಮತ್ತೊಂದರಲ್ಲಿ ಡೊಂಬಿವಲಿ ಪ್ಲಾಟ್‌ಫಾರ್ಮಿನ ಮೇಲೆ ದೊಡ್ಡಪ್ಪ, ನನ್ನ ಅಪ್ಪ. ಆ ಫೋಟೋ ಹಾಳೆಯ ಕಟ್ಟಕಡೆಯ ಅಂಚಿಗೆ ಅಂಟಿತ್ತು. “ಲೇಡೀಸ್ ಡಬ್ಬ ಅಷ್ಟು ಮುಂದೆ ನಿಲ್ತದೆ. ಠಾಣೆಯಲ್ಲಿ ಇಳಿದ ಮೇಲೆಯೇ ಸಿಕ್ಕಿದ್ದು.”

ಪುರಾವೆ ಎಲ್ಲಿ ಎಂದು ಕೇಳುವುದು ನನ್ನ ಚಾಳಿ. ಈ ಸಲ ಹಾಳೆ ತಿರುವಿದೆ. ಮುಂದಿನ ಪುಟದಲ್ಲಿ ನಾನೇ ಇದ್ದೆ, ಶಾಲೆಯ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಕಪ್ಪು ಹಿಡಿದು. ಬಲಕ್ಕೆ ಬಯಲು. ದೊಡ್ಡಪ್ಪ ಬೆರಳಿಡಲಿಲ್ಲ, ನನ್ನ ಮುಖ ನೋಡಿದರು.

“ಪಕ್ಕದ ಮನೆಯವರಿಗೆ ಹೇಳಲಿಕ್ಕೆ ಓಡಿದ್ದರು,” ಎಂದೆ. “ಕಪ್ಪು ಬಂತು ಅಂತ.”

“ಹ್ಞಾಂ. ಬಾಗಿಲು ಆ ಬದಿಗೇ.”

ಆ ಬಯಲಿನ ಮೂಲೆಯಲ್ಲಿ ಕಾಗದ ಜಾಲರಿಯಂತೆ ತೂತಾಗಿತ್ತು. ಅವರು ಅದನ್ನು ಉಗುರಿನಿಂದ ಮೆಲ್ಲನೆ ಒತ್ತಿ ಸಮ ಮಾಡಿದರು. “ಜಿರಳೆ ಈಗ ಅವಳ ಜಾಗವನ್ನೂ ತಿನ್ನಲಿಕ್ಕೆ ಶುರುಮಾಡಿದೆ. ಅದಕ್ಕೇ ನಿನಗೆ ಹೂಂ ಅಂದದ್ದು.”

ಅಂದಿನಿಂದ ಪ್ರತಿ ಭಾನುವಾರ ಕೂತು ಮತ್ತೆ ನೂರು ಪುಟ ಮಾಡಿದೆ. ಪುಟಕ್ಕೆ ಒಂದೇ ಫೋಟೋ, ಅವರು ಅಂಟಿಸಿದ್ದಲ್ಲೇ. ಪುಟ ಮುಗಿದಾಗಲೆಲ್ಲ ಕಂಪ್ಯೂಟರ್ ಕೇಳುತ್ತಿತ್ತು: ಈ ಪುಟದಲ್ಲಿ ಖಾಲಿ ಜಾಗವಿದೆ, ಫೋಟೋ ಸೇರಿಸಲೇ? ಯಾರಿಗೂ ಕೊನೆಯ ಮಾತು ಬಿಟ್ಟುಕೊಡದ ನಾನು ನೂರು ಸಲವೂ ‘ಬೇಡ’ ಎಂದಷ್ಟೇ ಒತ್ತಿದೆ.

ನೂರನೆಯದು ಮುಗಿದು ಲ್ಯಾಪ್‌ಟಾಪ್ ಮಡಚುವಾಗ ದೊಡ್ಡಪ್ಪ ತಡೆದರು.

“ಕೊನೆಗೆ ಒಂದು ಪುಟ ಪೂರ್ತಿ ಖಾಲಿ ಬಿಡು.”

“ಅದು ಯಾಕೆ?”

“‘ಈಗ ಬಂದೆ’ ಅಂತ ಹೇಳಿ ಹೋದವಳಲ್ವಾ.”